ಚಾಂದಣಿಯ ರುಬಾಬು, ಕಾಕೂ ಅವರ ಉಪವಾಸ

ಅವರ ಎಡಗೈ ಬೇರೆ ಯಾರದೋ ಮನುಷ್ಯನದು ಅನ್ನಿಸುತ್ತಿತ್ತು. ಬಲಗೈ ಬಿಸಿಲು ಉಂಡು ಕಪ್ಪಾಗಿತ್ತು, ಅದರ ತುಂಬ ಒರಟು ಕೂದಲು, ಹೊಲದಲ್ಲಿ ದುಡಿದವರ ಕೈಯಂತೆ. ಎಡಗೈ ಮಾತ್ರ ಭುಜದವರೆಗೂ ನುಣುಪು, ಬೆಳ್ಳಗೆ, ಒಗೆದು ಒಗೆದು ಬಣ್ಣ ಬಿಟ್ಟ ಅರಿವೆಯ ಹಾಗೆ. ಆ ಕೈಯ ಉಗುರುಗಳನ್ನು ಅವರು ಚರ್ಮದ ಮಟ್ಟಕ್ಕೆ ಕತ್ತರಿಸಿಕೊಳ್ಳುತ್ತಿದ್ದರು. ಎಮ್ಮೆ, ಆಕಳು, ಕುದುರೆಗಳ ಒಳಗೆ ಭುಜದವರೆಗೆ ಹೋಗಿ, ಒಳಗಿನ ಸುದ್ದಿ ತಿಳಿದುಕೊಂಡು ಬರುತ್ತಿದ್ದ ಕೈ ಅದು. ನಮ್ಮ ಹಿತ್ತಲ ಗೋಡೆಯಾಚೆ ತಂತಿಯ ಮೇಲೆ ಒಣಗುತ್ತಿದ್ದ ಅವರ ಅಂಗಿಗಳಲ್ಲೂ ಎಡತೋಳಿನ ಹೊಲಿಗೆಯೇ ಮೊದಲು ಬಿಟ್ಟಿರುತ್ತಿತ್ತು.

ಓಣಿಯವರೆಲ್ಲ ಅವರನ್ನು ಡಾಕ್ಟರ್ ಕಾಕಾ ಅನ್ನುತ್ತಿದ್ದೆವು. ಸರಕಾರಿ ದನದ ದವಾಖಾನೆಯಲ್ಲಿ ನೌಕರಿ ಮುಗಿಸಿ, ಸಾಂಗಲಿಯ ವಿಶ್ರಾಮಬಾಗದಲ್ಲಿ ಮನೆ ಕಟ್ಟಿಕೊಂಡಿದ್ದರು. ಮೂಲ ಸಮಡೋಳಿಯ ಜೈನರ ಮನೆತನ. ಮಗಳು ಲಗ್ನವಾಗಿ ದೂರ ಹೋಗಿದ್ದಳು. ಮನೆಯಲ್ಲಿ ಉಳಿದವರು ಅವರು ಮತ್ತು ಕಾಕೂ, ಅಂದರೆ ಅವರ ಹೆಂಡತಿ. ಒಂದು ಕುದುರೆಯ ಹೊಟ್ಟೆಯಲ್ಲಿ ಅವರು ಕಂಡುಹಿಡಿದಂಥದೇ ರೋಗ ಕಾಕೂ ಅವರ ಹೊಟ್ಟೆಯಲ್ಲೂ ಬೆಳೆಯುತ್ತಿತ್ತು. ಅದು ಅವರಿಗೆ ತಿಳಿಯಲಿಲ್ಲ. ಬಹಳ ದಿನಗಳವರೆಗೆ ತಿಳಿಯಲಿಲ್ಲ. ಈ ದುಃಖದೊಂದಿಗೆ ಆ ಮನುಷ್ಯ ಹೇಗೆ ಬಾಳಿದರು ಎಂಬುದನ್ನು ಹತ್ತಿರದಿಂದ ನೋಡಿದವಳು ನಾನು, ಅದಕ್ಕೇ ಬರೆಯುತ್ತಿದ್ದೇನೆ.

ನಾವು ಆ ಓಣಿಗೆ ಬಂದದ್ದು ತೊಂಬತ್ತರ ದಶಕದ ಮೊದಲ ಭಾಗದಲ್ಲಿ. ಸಾಂಗಲಿ ಮತ್ತು ಮಿರಜ ಎರಡೂ ಊರು ಒಂದರ ಕಡೆಗೊಂದು ಬೆಳೆಯುತ್ತಿದ್ದ ಕಾಲ. ನಡುವಿನ ಕಬ್ಬಿನ ಹೊಲಗಳೆಲ್ಲ ಪ್ಲಾಟುಗಳಾಗುತ್ತಿದ್ದವು. ರಸ್ತೆಯುದ್ದಕ್ಕೂ ಲಗ್ನಗಳಿಗೆ ಹೊಸ ಮಂಗಲ ಕಾರ್ಯಾಲಯ, ಹೊಸ ಎಸ್‌ಟಿಡಿ ಬೂತು. ಮನೆಯಿಂದ ಮನೆಗೆ ಕೇಬಲ್ಲಿನ ಕರಿ ವಯರು. ನಾನು ಬೆಳಗಾವಿಯಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳು ನಮಗೆ ಹೂವಿನ ಭಾಗಗಳನ್ನೆಲ್ಲ ಬಾಯಿಪಾಠ ಮಾಡಿಸಿದ್ದರು, ಹೆಂಗಸಿನ ಹೊಟ್ಟೆಯೊಳಗೆ ಏನಿರುತ್ತದೆ ಎಂಬ ಪಾಠ ಬಂದಾಗ ಮಾತ್ರ ಪುಟ ತಿರುವಿಬಿಟ್ಟಿದ್ದರು.

ಮೊದಲ ದಿನ ಗೋಡೆಯ ಮೇಲಿಂದ ಕಾಕೂ ಅವರಿಗೆ ಹೆಪ್ಪು ಕೇಳಿದೆ. ಕನ್ನಡ ಕೇಳಿದ್ದೇ ತಡ, ಕಾಕಾ ಒಳಗಿನಿಂದ ಎದ್ದು ಬಂದರು.

"ಬೆಳಗಾಂವಿ ಕಡೇದಾಕಿ ಏನವಾ ನೀ? ಛಲೋ ಆತು. ನಮ್ಮ ಮಗಳಿಗಿ ಕನ್ನಡ ತಿಳೀತೈತಿ, ಮಾತಾಡಂದ್ರ ಮರಾಠ್ಯಾಗ ಓಡ್ತಾಳ. ಇನ್ನ ಮ್ಯಾಲೆ ಈ ಗ್ವಾಡಿ ಮ್ಯಾಲಿಂದ ದಿನಾ ಕನ್ನಡ ಬರ್ಲಿ, ಸೂನಬಾಯಿ."

ಅಂದಿನಿಂದ ನಾನು ಅವರ ಸೂನಬಾಯಿ, ಅಂದರೆ ಸೊಸೆ.

ನಿವೃತ್ತರಾದರೂ ಕೆಲಸ ಅವರನ್ನು ಬಿಟ್ಟಿರಲಿಲ್ಲ. ಬುಧಗಾಂವದಿಂದ ಯಾರೋ ಮೋಟಾರ್‌ಸೈಕಲ್ಲಿನಲ್ಲಿ ಬರುತ್ತಿದ್ದರು, ಎಮ್ಮೆ ಗಬ್ಬ ನಿಂತಿದೆಯೋ ಇಲ್ಲವೋ ನೋಡಿ ಅನ್ನುತ್ತಿದ್ದರು. ಕಾಕಾ ಹಿಂದಿನ ಸೀಟಿನಲ್ಲಿ ಕುಳಿತು ಹೊರಟೇಬಿಡುತ್ತಿದ್ದರು. ತಿರುಗಿ ಬಂದಾಗ ಕಾಕೂ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು.

"ಮೊದ್ಲ ಆ ಕೈ ಹೊರಗ ಇಟ್ಟ ಬರ್ರಿ."

"ಬಿಚ್ಚಿ ಇಡಾಕ ಅದೇನ ಚಪ್ಪಲೀನ?"

"ಚಪ್ಪಲಿ ಪಾಡ. ಅದು ಇಷ್ಟ ಒಳಗ ಹೋಗಂಗಿಲ್ಲ."

ಕಾಕೂ ಸಣ್ಣ ಆಳು. ಮಾತು ಕಡಿಮೆ, ಆಡಿದರೆ ಹೀಗೆ. ಹಿತ್ತಲ ನಳದ ಕೆಳಗೆ ಅವರು ಗಂಡನಿಗೆ ನೀರು ಬಿಡುತ್ತಿದ್ದರು. ಕಾಕಾ ಶಾಲೆಯ ಹುಡುಗನಂತೆ ತೋಳು ಚಾಚಿ ನಿಲ್ಲುತ್ತಿದ್ದರು.

ಚಾಂದಣಿ ಬಂದದ್ದು ಒಂದು ಚೈತ್ರದ ಬೆಳಿಗ್ಗೆ. ಹಣೆಯ ಮೇಲೆ ಚುಕ್ಕೆಯಿದ್ದ ಬೂದುಬಣ್ಣದ ಹೆಣ್ಣುಕುದುರೆ. ಅದರ ಯಜಮಾನ ಮಿರಜದ ಸ್ಟೇಶನ್ನಿನ ಹೊರಗೆ ಟಾಂಗಾ ಹೊಡೆಯುತ್ತಿದ್ದವನು. ರಿಕ್ಷಾಗಳು ಹೆಚ್ಚಾದ ಮೇಲೆ ಟಾಂಗಾ ಮಾರಿ, ಬೆನ್ನಿಗೆ ಹೊದಿಸುವ ಝರಿಯ ಝೂಲು, ಕನ್ನಡಿಯ ಲಗಾಮು ಕೊಂಡು, ಕುದುರೆಯನ್ನು ಲಗ್ನದ ಮೆರವಣಿಗೆಗೆ ಬಿಟ್ಟಿದ್ದ. ಮದುಮಗ ಹೆಣ್ಣುಕುದುರೆಯ ಮೇಲೆಯೇ ಕೂರಬೇಕು, ಗಂಡು ಎಲ್ಲಿ ಕೆರಳೀತೋ ಎಂದು ಈ ಕಡೆ ಜನರ ಹಟ. ಚಾಂದಣಿ ಮೊದಲು ಸಾಧು ಸ್ವಭಾವದ್ದಾಗಿತ್ತಂತೆ, ಬ್ಯಾಂಡು ಬಾರಿಸಿದರೂ ತಲೆ ತಗ್ಗಿಸಿ ನಡೆಯುತ್ತಿತ್ತಂತೆ. ಒಂದು ವರ್ಷದಿಂದ ಅದರ ಚಹರೆಯೇ ಬದಲಾಗಿತ್ತು. ಕುತ್ತಿಗೆ ದಪ್ಪಗೆ ಕಮಾನಿನಂತೆ ಬಾಗಿತ್ತು. ಕಾಲು ಎತ್ತಿ ಎತ್ತಿ ಇಡುತ್ತಿತ್ತು, ಡೋಲು ಕೇಳಿದರೆ ಕೆನೆಯುತ್ತಿತ್ತು. ಜನ ಮರುಳಾದರು. ಏನು ರುಬಾಬು, ಏನು ಗತ್ತು! ಲಗ್ನದ ಮನೆಯವರು ತಿಂಗಳ ಮೊದಲೇ ಬಂದು ಚಾಂದಣಿಯೇ ಬೇಕು ಅನ್ನತೊಡಗಿದರು.

"ಮತ್ತ ನೀ ಇಲ್ಲಿ ಯಾಕ ಬಂದಿ?" ಕಾಕಾ ಕೇಳಿದರು. "ನಂಗೇನ ಲಗ್ನಾ ಮಾಡ್ತಿಯೇನ?"

ಕುದುರೆಯವನು ನಗಲಿಲ್ಲ. "ಸಾಹೇಬ, ಒಂದ ಮರೀ ಆಗ್ಲಿ ಅಂತ ಆಶಾ ಐತ್ರಿ. ಇಕೀ ಕುಡೀನ ಬೇಕ್ರಿ ನಂಗ. ಮೂರ ಸಲ ಗಂಡಿನ ಹತ್ರ ಒಯ್ದೆ. ಒದ್ದ ಓಡಸ್ತಾಳ್ರಿ. ಹೆಣ್ಣ ಕುದರಿ ಕಂಡ್ರ ತಾನ ಮ್ಯಾಲೆ ಏರಾಕ ಹೋಗ್ತಾಳ್ರಿ."

ಕಾಕಾ ಅವರ ಮುಖದ ತಮಾಷೆ ಹೋಯಿತು. ಕುದುರೆಯ ಮೇಲ್ದುಟಿಗೆ ಹಗ್ಗ ಸುತ್ತಿ ಹಿಡಿಸಿದರು. ಎಡತೋಳಿಗೆ ಸಾಬೂನು, ಎಣ್ಣೆ ಹಚ್ಚಿಕೊಂಡರು. ನಾನು ಗೋಡೆಯ ಹತ್ತಿರ ಹಪ್ಪಳ ಒಣಗಿಸುತ್ತಿದ್ದವಳು ಒಳಗೆ ಹೋಗಬೇಕೆಂದುಕೊಂಡು ಹೋಗಲಿಲ್ಲ. ಅವರ ತೋಳು ಪೂರ್ತಿ ಮರೆಯಾಯಿತು. ಕೆನ್ನೆ ಕುದುರೆಯ ತೊಡೆಗೆ ಒತ್ತಿತ್ತು, ಕಣ್ಣು ಮುಚ್ಚಿದ್ದವು. ದೂರದ ಯಾವುದೋ ಮಾತನ್ನು ಕೇಳಿಸಿಕೊಳ್ಳುವವರ ಹಾಗೆ ಬಹಳ ಹೊತ್ತು ನಿಂತಿದ್ದರು.

ಕೈ ತೆಗೆದು ಹೇಳಿದರು: "ಹೆಣ್ಣಿಗೆ ಒಳಗ ಎರಡ ಅಂಡಾಶಯ ಇರ್ತಾವ. ಒಂದೊಂದ ಕೋಳಿ ತತ್ತಿ ಅಷ್ಟ. ಇಕೀದು ಒಂದ ಬಾಜೂಕ ತೆಂಗಿನಕಾಯಿ ಆಗೇತಿ. ಇನ್ನೊಂದ ಒಣಗಿ ಉತ್ತತ್ತಿ ಆಗೇತಿ. ಗಡ್ಡಿ ಅದು. ಆ ಗಡ್ಡಿ ಗಂಡಿನ ರಸಾ ಉಗಳ್ತೈತಿ. ಅದಕ್ಕ ಕುತಗಿ ದಪ್ಪಾಗೇತಿ, ಅದಕ್ಕ ಕುಣೀತಾಳ. ನೀವೆಲ್ಲಾ ರುಬಾಬ ಅಂತೀರಿ. ರುಬಾಬ ಅಲ್ಲೋ, ರೋಗ ಅದು."

"ಔಷಧಾ ಕೊಡ್ರಿ."

"ಔಷಧಕ್ಕ ಕರಗಂಗಿಲ್ಲ. ಕೊಯ್ದ ತಗೀಬೇಕು. ತಗದ್ರ ಮತ್ತ ಹೆಣ್ಣಾಗ್ತಾಳ, ಮರೀನೂ ಆಗಬಹುದು."

ಅದು ತಮ್ಮಿಂದಾಗದು ಎಂದೂ ಅಂದರು. ಗಡ್ಡೆಗೆ ರಕ್ತ ಒಯ್ಯುವ ನಾಳ ಹೆಬ್ಬೆರಳಿನಷ್ಟು ದಪ್ಪ ಇರುತ್ತದೆ, ಅದಕ್ಕೆ ಕಟ್ಟಿದ ದಾರ ಜಾರಿದರೆ ಕುದುರೆ ನಿಂತಲ್ಲೇ ಮುಗಿಯುತ್ತದೆ. ಪುಣೆಯಲ್ಲಿ ಅವರ ಜೊತೆ ಓದಿದವರೊಬ್ಬರು ರೇಸಿನ ಕುದುರೆಗಳಿಗೆ ಇಂಥ ಆಪರೇಶನ್ ಮಾಡುತ್ತಿದ್ದರು. ಅವರನ್ನು ಕೇಳಬೇಕು. "ನೋಡ ಸೂನಬಾಯಿ," ಎಂದು ನನ್ನ ಕಡೆ ತಿರುಗಿದರು, "ನಮ್ಮ ಮಿರ್ಜಿಗೆ ಬಿಜಾಪುರ ಕಡೆಯಿಂದ ಮಂದಿ ರೇಲ್ವೆ ತುಂಬಿ ಬರ್ತಾರ, ಹೊಟ್ಟಿ ಕೊಯ್ಸಿಕೊಳ್ಳಾಕ. ಓಣಿಗೊಂದ ದವಾಖಾನಿ. ಒಂದ ಕುದರಿ ಹೊಟ್ಟಿ ಕೊಯ್ಯಾಕ ಮಾತ್ರ ಒಬ್ಬಂವ ಇಲ್ಲ."

ಕುದುರೆಯವನು ಚಾಂದಣಿಯ ಕುತ್ತಿಗೆ ಸವರುತ್ತ ನಿಂತ. "ಕೊಯ್ದ್ರ ಸಾಯಬಹುದು ಅಂತೀರಿ. ಬಿಟ್ರ?"

"ಬಿಟ್ರ ಗಡ್ಡಿ ಬೆಳೀತೈತಿ. ಒಂದ ದಿನಾ ಒಳಗ ಒಡದ ರಕ್ತ ಬಿಟ್ರ ಯಾರ ಕೈಯಾಗೂ ಇಲ್ಲ."

"ಈಗಂತೂ ಚೆಂದ ಅದಾಳಲ್ರಿ, ಸಾಹೇಬ. ಲಗ್ನಸರಾಯಿ ಮುಗೀಲಿ. ಮುಗದ ಮರುದಿನಾ ಟ್ರಕ್ಕಿಗೆ ಏರಸ್ತೇನಿ."

ಕಾಕಾ ಎಸ್‌ಟಿಡಿ ಬೂತಿಗೆ ಹೋಗಿ ಪುಣೆಯವರ ಜೊತೆ ಮಾತಾಡಿ ಬಂದರು. ಅವರು ಒಪ್ಪಿದ್ದರು. ಲಗ್ನದ ಕಾಲ ಮುಗಿಯಲು ಕಾಯಬೇಕಿತ್ತು, ಅಷ್ಟೇ. ಆ ದಿನಗಳಲ್ಲಿ ರಸ್ತೆಯಲ್ಲಿ ಬ್ಯಾಂಡು ಕೇಳಿದಾಗಲೆಲ್ಲ ಕಾಕಾ ಗೇಟಿಗೆ ಬಂದು ನಿಲ್ಲುತ್ತಿದ್ದರು. ಚಾಂದಣಿ ಕುಣಿಯುತ್ತ ಹಾದುಹೋಗುತ್ತಿತ್ತು. ಅವರು ಮದುಮಗನನ್ನು ನೋಡುತ್ತಿರಲಿಲ್ಲ, ಕುದುರೆಯ ಪಕ್ಕೆಯನ್ನೇ ನೋಡುತ್ತಿದ್ದರು.

ವೈಶಾಖದ ಕೊನೆಯ ಲಗ್ನಗಳಲ್ಲಿ ಒಂದು. ಗೋಧೂಳಿಯ ಮುಹೂರ್ತ, ಅದಕ್ಕೂ ಮೊದಲು, ಬಿಸಿಲು ಇನ್ನೂ ಉರಿಯುತ್ತಿರುವಾಗಲೇ ಮದುಮಗನ ಮೆರವಣಿಗೆ ಮಾರುತಿ ಗುಡಿಗೆ ಹೊರಟಿತ್ತು. ನಮ್ಮ ಓಣಿಯ ಮೂಲೆಗೆ ಬಂದಾಗ ಚಾಂದಣಿ ನಿಂತಿತು. ಮುಂಗಾಲು ಮಡಚಿ ಮೊಣಕಾಲೂರಿತು. ಆಟ ಕಲಿಸಿದ ಕುದುರೆಗಳು ಹೀಗೆ ಮಾಡುತ್ತವೆ, ಮದುಮಗನಿಗೆ ಸಲಾಮು ಮಾಡಿದಂತೆ. ಜನ ಶಿಳ್ಳೆ ಹಾಕಿದರು, ಚಪ್ಪಾಳೆ ತಟ್ಟಿದರು. ಬ್ಯಾಂಡಿನವರು ಇನ್ನೂ ಜೋರಾಗಿ ಬಾರಿಸಿದರು. ಯಾರೋ ಅದರ ತಲೆಯ ಸುತ್ತ ನೋಟು ನಿವಾಳಿಸಿ ಎಸೆದರು. ಕಾಕಾ ಬನಿಯನ್ನಿನ ಮೇಲೆಯೇ ಓಡಿದರು.

"ಬಾಜಾ ನಿಲ್ಲಸ್ರಿ! ಇಳಸ್ರಿ ಆ ಹುಡುಗನ್ನ!"

ಅವರು ಕುದುರೆಯ ತುಟಿ ಎತ್ತಿ ನೋಡಿದರು. ನಾನು ಗೇಟಿನಿಂದಲೇ ಕಂಡೆ, ಒಸಡು ಸುಣ್ಣ ಬಳಿದ ಗೋಡೆಯಷ್ಟು ಬೆಳ್ಳಗಿತ್ತು. ಮೈಯೆಲ್ಲ ಬೆವರು. ಮದುಮಗನನ್ನು ಯಾರೋ ಸ್ಕೂಟರಿನ ಮೇಲೆ ಕೂರಿಸಿಕೊಂಡು ಹೋದರು, ಮುಹೂರ್ತ ಕಾಯುವುದಿಲ್ಲವಲ್ಲ. ರಸ್ತೆಯಲ್ಲಿ ಉಳಿದವರು ಕುದುರೆಯವನು ಮತ್ತು ಕಾಕಾ. ಅವನು ಝರಿಯ ಝೂಲನ್ನು ಬಿಚ್ಚಿ ಚಾಂದಣಿಯ ಕಣ್ಣಿಗೆ ಬಿಸಿಲು ಬೀಳದ ಹಾಗೆ ಹಿಡಿದುಕೊಂಡಿದ್ದ. ಕಾಕಾ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಡಾಂಬರಿನ ಮೇಲೆ ಕುಳಿತಿದ್ದರು. ಉಸಿರು ನಿಂತ ಮೇಲೂ ಅವನು ಝೂಲು ಇಳಿಸಲಿಲ್ಲ. ಕಾಕಾ ಅವನ ಹೆಗಲ ಮೇಲೆ ಕೈ ಇಟ್ಟು ಎದ್ದರು.

ಹೂಳುವ ಮೊದಲು ಹೊಟ್ಟೆ ಬಗೆದು ನೋಡಿ ಬಂದರಂತೆ. ಗಡ್ಡೆ ಒಡೆದು ಹೊಟ್ಟೆಯ ತುಂಬ ರಕ್ತ. ಮರುದಿನ ಕಾಕೂ ಅವರ ಅಡುಗೆಮನೆಯಲ್ಲಿ ನಾವು ಮೂವರೂ ಇದ್ದೆವು. ಕಾಕಾ ತುತ್ತು ಕೈಯಲ್ಲಿ ಹಿಡಿದೇ ಹೇಳಿದರು, "ಚಪ್ಪಾಳಿ ಹೊಡದ್ರು ನೋಡ್ದಿಯೇನ ಸೂನಬಾಯಿ? ಅದು ಸಾಯಾಕ ಹತ್ತಿತ್ತು. ಮಂದಿ ಚಪ್ಪಾಳಿ ಹೊಡದ್ರು."

ಕಾಕೂ ತಾಟನ್ನು ಅರ್ಧಕ್ಕೆ ಸರಿಸಿ ಎದ್ದರು. ಕುದುರೆಯ ಮೇಲಿನ ಕರುಣೆಗೆ ಊಟ ಸೇರಲಿಲ್ಲ ಅಂದುಕೊಂಡೆವು.

ಕಾಕೂ ಆ ವರ್ಷದ ಆರಂಭದಿಂದಲೇ ಏಕಾಶನ ಹಿಡಿದಿದ್ದರು, ದಿನಕ್ಕೆ ಒಂದೇ ಊಟ. ಚಾತುರ್ಮಾಸ ಬಂದಾಗ ಅದಕ್ಕೆ ಊನೋದರವನ್ನೂ ಸೇರಿಸಿದರು. ಊನೋದರವೆಂದರೆ ಹೊಟ್ಟೆ ತುಂಬುವ ಮೊದಲೇ ಏಳುವ ವ್ರತ. ಅವರ ಮನೆತನದಲ್ಲಿ ಇದು ಹೊಸದಲ್ಲ. ಅತ್ತೆ ಮಾಡಿದ್ದರು, ತಾಯಿ ಮಾಡಿದ್ದರು. ಒಂದು ಚಪಾತಿ ಅರ್ಧವಾಯಿತು, ಅರ್ಧ ಚೂರಾಯಿತು. ಎರಡು ತುತ್ತಿಗೇ ಕೈ ತೊಳೆಯುತ್ತಿದ್ದರು. ಬಸದಿಯಲ್ಲಿ ಹೆಂಗಸರು ಅವರ ಕಾಲು ಮುಟ್ಟಿ ನಮಸ್ಕರಿಸತೊಡಗಿದರು. "ನಮಗ ಆಗಂಗಿಲ್ಲ ನೋಡ್ರಿ ಅಕ್ಕಾ, ನಿಮ್ಮದು ದೊಡ್ಡ ತಪಾ" ಅನ್ನುತ್ತಿದ್ದರು. ಕಾಕೂ ತಲೆ ತಗ್ಗಿಸುತ್ತಿದ್ದರು. ಒಮ್ಮೆ ನನಗೆ ಮಾತ್ರ ಅಂದಿದ್ದರು, "ಏನ ತಪಾನೋ ನಂಗ ತಿಳೀವಲ್ದು. ಹಸಿವ ಆಗಂಗಿಲ್ಲ. ಮುನಿ ಮಹಾರಾಜರು ಹೇಳ್ತಾರಲಾ, ಆಶಾ ತಾನ ಬಿಡಬೇಕು ಅಂತ. ಬಿಟ್ಟಿರಬೇಕ."

ಕಾಕಾ ಮನೆಯಲ್ಲಿ ಅದರ ಮಾತೆತ್ತಿದರೆ ಹೆಮ್ಮೆಯಿಂದಲೇ. "ನಮ್ಮಾಕಿ ನೋಡು, ಮೋಕ್ಷಕ್ಕ ಹೊಂಟಾಳ. ನಾ ಇಲ್ಲೇ ಸೆಗಣ್ಯಾಗ."

ಭಾದ್ರಪದದ ದಶಲಕ್ಷಣ ಪರ್ವ ಮುಗಿದು, ಉಪವಾಸ ಬಿಡುವ ಪಾರಣೆಯ ದಿನ ಬಂತು. ವ್ರತ ಮಾಡಿದವರನ್ನು ಸಿಂಗರಿಸಿ ಬಸದಿಗೆ ಕರೆದೊಯ್ಯುವ ಪದ್ಧತಿ. ಕಾಕೂ ಅವರಿಗೆ ಸೀರೆ ಉಡಿಸಲು ನನ್ನನ್ನು ಕರೆದರು. ಹಸಿರಂಚಿನ ರೇಶ್ಮೆ, ಹಿಂದಿನ ವರ್ಷವೂ ನಾನೇ ಉಡಿಸಿದ್ದೆ. ಕುಪ್ಪಸದ ತೋಳುಗಳು ಜೋಲಾಡುತ್ತಿದ್ದವು, ಪಿನ್ನು ಹಾಕಿದೆ. ಕೊರಳ ಎಲುಬು ಎದ್ದಿತ್ತು. ನೆರಿಗೆ ಹಿಡಿಯಲು ಹೋದರೆ ಸೆರಗು ಸಾಲಲಿಲ್ಲ. ಬಿಚ್ಚಿ ಮತ್ತೆ ಸುತ್ತಿದೆ. ಹಿಂದಿನ ವರ್ಷ ಏಳು ನೆರಿಗೆ ಬಂದಿದ್ದ ಸೀರೆಗೆ ಈಗ ನಾಲ್ಕೇ ಬಂದವು.

ಸಂಜೆ ಕಾಕಾ ಪೈಪು ಹಿಡಿದು ಗಿಡಗಳಿಗೆ ನೀರು ಬಿಡುತ್ತಿದ್ದರು. ನಾನು ಗೋಡೆಯ ಮೇಲಿಂದ ಸುಮ್ಮನೆ ಮಾತಿಗೆ ಅಂದೆ.

"ಕಾಕಾ, ಕಾಕೂ ಭಾಳ ಸೊರಗ್ಯಾರ್ರಿ. ಆದ್ರ ಸೀರಿ ನೆರಗಿ ಕಮ್ಮಿ ಬರ್ತಾವಲ್ರಿ, ಹೆಂಗ?"

"ಹೆಂಗ ಅಂದ್ರ?"

"ಸೊರಗಿದ್ರ ನೆರಗಿ ಜಾಸ್ತಿ ಬರಬೇಕಲ್ರಿ. ನಡಕ್ಕ ಅರಿವಿ ಉಳೀಬೇಕು. ಉಳೀಲೇ ಇಲ್ಲ."

ಅವರು ನನ್ನನ್ನು ನೋಡಿದರು. ಪೈಪಿನ ನೀರು ಒಂದೇ ಕುಂಡದಲ್ಲಿ ತುಂಬಿ, ಉಕ್ಕಿ, ಮೆಟ್ಟಿಲ ಮೇಲೆ ಹರಿಯಿತು. ಅವರು ಅಲುಗಲಿಲ್ಲ. ಆಮೇಲೆ ಪೈಪನ್ನು ಹಾಗೇ ನೆಲಕ್ಕೆ ಬಿಟ್ಟು ಒಳಗೆ ಹೋದರು. ನಳ ಬಂದ್ ಮಾಡಲು ನಾನೇ ಆ ಕಡೆ ಹೋಗಬೇಕಾಯಿತು.

ಒಳಗೆ ನಡೆದದ್ದನ್ನು ಕಾಕೂ ನನಗೆ ಆಮೇಲೆ ಹೇಳಿದರು. "ಮಲಗು ಅಂದ್ರು, ಮಲಗಿದೆ. ಹೊಟ್ಟಿ ಮ್ಯಾಲೆ ಕೈ ಇಟ್ರು. ನಾ ಅವ್ರ ಮಾರಿ ನೋಡಾಕ ಹತ್ತಿದ್ದೆ. ಚಾಂದಣಿ ಬಂದ ದಿನಾ ಹೆಂಗ ಕಣ್ಣ ಮುಚ್ಚಿದ್ರೋ ಹಂಗ ಮುಚ್ಚಿದ್ರವಾ. ನಂಗ ತಿಳೀತು."

ಮಿರಜದ ದವಾಖಾನೆ ನಮ್ಮ ಮನೆಯಿಂದ ರಿಕ್ಷಾದಲ್ಲಿ ಒಂದು ಗಳಿಗೆಯ ದಾರಿ. ದೂರದ ಊರುಗಳಿಂದ ಹಾಸಿಗೆ ಕಟ್ಟಿಕೊಂಡು ಬಂದ ಜನ ಅಲ್ಲಿ ಮರದ ಕೆಳಗೆ ಅಡುಗೆ ಮಾಡಿಕೊಳ್ಳುತ್ತಿದ್ದರು. ಅಷ್ಟು ಹತ್ತಿರ ಇದ್ದವರು ಎಲ್ಲರಿಗಿಂತ ತಡವಾಗಿ ಬಂದಿದ್ದೆವು. ಹೊಟ್ಟೆ ತೆರೆದರು, ನೋಡಿದರು, ಮುಚ್ಚಿದರು. ಅಂಡಾಶಯದ ಗಡ್ಡೆ ಎಲ್ಲ ಕಡೆಗೂ ಬೀಜ ಬಿಟ್ಟಿತ್ತು. ಕುದುರೆಯದು ಹರಡದ ಜಾತಿಯ ಗಡ್ಡೆ, ತೆಗೆದಿದ್ದರೆ ರೋಗ ಅಲ್ಲಿಗೇ ಮುಗಿಯುತ್ತಿತ್ತು. ಕಾಕೂ ಅವರದು ಹಾಗಿರಲಿಲ್ಲ. ಹಸಿವು ಸತ್ತದ್ದು, ಎರಡು ತುತ್ತಿಗೆ ಹೊಟ್ಟೆ ತುಂಬಿದಂತಾದದ್ದು, ಎಲ್ಲ ಅದರದೇ ಕೆಲಸ ಎಂದು ಅಲ್ಲಿಯ ಡಾಕ್ಟರು ಹೇಳಿದಾಗ ಕಾಕಾ ಗೋಡೆಗೆ ಆತು ನಿಂತಿದ್ದರು.

"ಜಲ್ಮಾ ಪೂರ್ತಿ ಮಂದೀ ದನದ ಹೊಟ್ಟ್ಯಾಗ ಕೈ ಹಾಕಿ ನೋಡೀನಿ," ಅಂದರು ನನಗೆ. "ದಿನಾ ಎದರಿಗೆ ಕುಂತಾಕೀ ತಾಟ ನೋಡ್ಲಿಲ್ಲ. ನೋಡೀನಿ, ನೋಡಿ ಕೈ ಮುಗದೇನಿ."

ಮನೆಗೆ ಬಂದ ಮೇಲೆ ಕಾಕಾ ಅವರಿಗೆ ಒಂದೇ ಧ್ಯಾಸ, ಕಾಕೂ ಉಣ್ಣಬೇಕು. ತಾವೇ ಒಲೆಯ ಮುಂದೆ ನಿಂತರು. ಗಂಜಿ, ಹೆಸರುಬೇಳೆಯ ಕಟ್ಟು, ಶಿರಾ. ಚಮಚ ಹಿಡಿದು ಹಾಸಿಗೆಯ ಪಕ್ಕ ಕುಳಿತುಕೊಳ್ಳುತ್ತಿದ್ದರು. ಒಂದು ಚಮಚ ಇಳಿದರೆ ಗೋಡೆಯ ಹತ್ತಿರ ಬಂದು ಸುದ್ದಿ ಹೇಳುತ್ತಿದ್ದರು. ಔಷಧದಿಂದ ಕಾಕೂ ಅವರ ಕೂದಲು ಹೋಯಿತು, ಹೊಟ್ಟೆಯ ನೀರು ತೆಗೆದರು, ಮತ್ತೆ ತುಂಬಿತು. ಚಳಿಗಾಲದ ಹೊತ್ತಿಗೆ ಡಾಕ್ಟರು ಇನ್ನು ಮನೆಯಲ್ಲೇ ಇರಲಿ ಅಂದರು.

ಆಗ ಕಾಕೂ ಸಲ್ಲೇಖನ ಕೇಳಿದರು. ಸಾವು ಖಚಿತವಾದಾಗ ಅನ್ನವನ್ನು, ಆಮೇಲೆ ಹಾಲು ಮಜ್ಜಿಗೆಯನ್ನು, ಕೊನೆಗೆ ನೀರನ್ನೂ ಮೆಲ್ಲಗೆ ಬಿಟ್ಟು ಸಮಾಧಾನದಿಂದ ಹೊರಡುವ ವ್ರತ. ಗುರುಗಳ ಅಪ್ಪಣೆ ಬೇಕು, ಮನೆಯವರ ಒಪ್ಪಿಗೆಯೂ ಬೇಕು. ಗುರುಗಳು ಕೊಟ್ಟಿದ್ದರು. ಉಳಿದದ್ದು ಕಾಕಾ ಅವರ ಮಾತು.

ನಾನು ಕಾಕೂ ಅವರ ಕಾಲಿಗೆ ಎಣ್ಣೆ ತೀಡುತ್ತಿದ್ದೆ. ಕಾಕಾ ಗಂಜಿಯ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತರು.

"ನಾ ಒಪ್ಪಂಗಿಲ್ಲ."

"ಯಾಕ್ರಿ?"

"ಯಾಕಂತ ಕೇಳ್ತಿ? ಉಪಾಸ ಅಂತ ತಿಳದ ತಿಳದ ಇಲ್ಲೀತನಾ ಬಂದೇವಿ. ಮೋಸ ಹೋಗೇವಿ. ಈಗ ಮತ್ತ ನನ್ನ ಕೈಲೇ ಉಪಾಸ ಮಾಡಸಂತಿ? ಊರ ಮಂದಿ ಮತ್ತ ಕೈ ಮುಗೀಲೇನ ನಿಂಗ?"

ಕಾಕೂ ಮೊಣಕೈ ಊರಿ ಅರ್ಧ ಎದ್ದರು. ಆಮೇಲೆ ಅಂದರು, "ಅದು ರೋಗದ್ದಿತ್ತು. ನಂದಲ್ಲ. ಇದು ನಂದು."

ಕಾಕಾ ಬಟ್ಟಲನ್ನು ಕೆಳಗಿಟ್ಟು ಹೊರಗೆ ಹೋದರು. ಮತ್ತೆ ಮೂರು ದಿನ ಗಂಜಿ ಮಾಡುವುದನ್ನು ಬಿಡಲಿಲ್ಲ. ಕಾಕೂ ಬಾಯಿ ತೆರೆಯುತ್ತಿದ್ದರು, ಅದು ಇಳಿಯುತ್ತಿರಲಿಲ್ಲ, ವಾಂತಿಯಾಗುತ್ತಿತ್ತು. ಕಾಕಾ ಒರೆಸುತ್ತಿದ್ದರು, ಕಾಕೂ ತಪ್ಪಾಯಿತೆಂಬಂತೆ ನೋಡುತ್ತಿದ್ದರು. ಗಂಡನ ಮನಸ್ಸು ನೋಯಬಾರದೆಂದು ಆ ಹೆಂಗಸು ನುಂಗಲಾರದ್ದನ್ನು ನುಂಗುತ್ತಿದ್ದರು. ಮೂರನೆಯ ದಿನ ಕಾಕಾ ಅದನ್ನು ಕಂಡರೆಂದು ತೋರುತ್ತದೆ. ಚಮಚವನ್ನು ಬಟ್ಟಲಲ್ಲಿ ಇಟ್ಟರು.

"ಒಲ್ಲೆ ಅಂದ್ರ ಒಲ್ಲೆ ಅನ್ನು. ನನ್ನ ಸಲುವಾಗಿ ತಿನಬ್ಯಾಡ."

"ಒಲ್ಲೆ."

"ಆತು."

ಬಸದಿಯಿಂದ ಸನ್ಯಾಸಿನಿ ಮಾತಾಜಿಯವರು ಬಂದು, ನಿಮ್ಮ ಒಪ್ಪಿಗೆ ಇದೆಯೇ ಎಂದು ಎಲ್ಲರೆದುರು ಕೇಳಿದಾಗ ಕಾಕಾ "ಐತ್ರಿ" ಅಂದರು. ಅಂದಿನಿಂದ ಅವರು ತಾಟು ಹಿಡಿಯಲಿಲ್ಲ. ಹಾಸಿಗೆಯ ಪಕ್ಕ ಕುಳಿತು ಕಾಕೂ ಅವರ ಅಂಗೈಯನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡಿರುತ್ತಿದ್ದರು. ಕಾಯಿಸಿ ಆರಿಸಿದ ನೀರನ್ನು ಹೊತ್ತಿಗೆ ಒಮ್ಮೆ ಹತ್ತಿಯಲ್ಲಿ ಅದ್ದಿ ತುಟಿಗೆ ಹಚ್ಚುತ್ತಿದ್ದರು, ಆಮೇಲೆ ಕಾಕೂ ಅದನ್ನೂ ಬಿಟ್ಟರು. ಒಂದು ಬೆಳಿಗ್ಗೆ, ಹೆಂಗಸರು ಣಮೋಕಾರ ಮಂತ್ರ ಹೇಳುತ್ತಿದ್ದಾಗ, ಕಾಕೂ ಹೋದರು. ಮುಖದಲ್ಲಿ ನೋವಿನ ಗೆರೆ ಇರಲಿಲ್ಲ. ಕಾಕಾ ಅಳಲಿಲ್ಲ.

ಆಮೇಲೆ ಅವರು ಎಂದೂ ಉಪವಾಸ ಮಾಡಲಿಲ್ಲ. ಜೈನರೆಲ್ಲ ಉಪವಾಸವಿರುವ ಅನಂತ ಚತುರ್ದಶಿಯಂದು ಕೂಡ ಹನ್ನೊಂದು ಗಂಟೆಗೆ ಬಾಗಿಲು ತೆರೆದಿಟ್ಟುಕೊಂಡು, ಎಲ್ಲರಿಗೂ ಕಾಣುವ ಹಾಗೆ ಉಣ್ಣುತ್ತಿದ್ದರು. ಬಸದಿಯಲ್ಲಿ ಜನ ಆಡಿಕೊಂಡರು. ದುಃಖಕ್ಕೆ ತಲೆ ತಿರುಗಿದೆ ಅಂದರು. ಅದರ ಜೊತೆಗೆ ಇನ್ನೊಂದು ಚಟ ಹತ್ತಿತು. ಓಣಿಯ ಯಾವ ಹೆಂಗಸು ಎದುರಾದರೂ ನಿಲ್ಲಿಸಿ ಕೇಳುತ್ತಿದ್ದರು.

"ಊಟಾ ಸೇರ್ತದೇನವಾ?"

ಕಾಯಿಪಲ್ಲೆ ಮಾರುವವಳನ್ನು, ಭಾಂಡಿ ತಿಕ್ಕುವವಳನ್ನು, ಕಾಲೇಜಿನ ಹುಡುಗಿಯರನ್ನು, ಯಾರನ್ನೂ ಬಿಡುತ್ತಿರಲಿಲ್ಲ. ಹುಡುಗಿಯರು ಮರಾಠಿಯಲ್ಲಿ ಕಿಸಕ್ಕೆಂದು ನಗುತ್ತಿದ್ದರು. ಓಣಿಯ ಹೆಂಗಸರು "ಬಂದ್ರ ನೋಡ್ರಿ, ಊಟದ ಇನ್‌ಸ್ಪೆಕ್ಟರು" ಎಂದು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಅವರಿಗೆ ಅದು ಗೊತ್ತಿತ್ತು. "ನಗ್ಲಿ ಬಿಡು. ನಗೂಮುಂದ ಹಲ್ಲ ಕಾಣ್ತಾವ, ಒಸಡ ಕಾಣ್ತಾವ. ನೋಡಾಕ ಸಿಗತೈತಿ" ಅನ್ನುತ್ತಿದ್ದರು.

ನನ್ನನ್ನು ದಿನಕ್ಕೆರಡು ಸಲ ಕೇಳುತ್ತಿದ್ದರು. ನಾನೂ ದಿನಾ "ಸೇರ್ತದ್ರಿ ಕಾಕಾ" ಅನ್ನುತ್ತಿದ್ದೆ. ಕೆಲವು ವರ್ಷಗಳ ಮೇಲೆ ಒಂದು ದಿನ, ಏಕೋ, ನಿಜ ಹೇಳಿಬಿಟ್ಟೆ. "ಒಂದ ತಿಂಗಳಾತ್ರಿ, ಹೊಟ್ಟಿ ಭಾರ ಅನಸ್ತೈತಿ." ಮಕ್ಕಳ ಪರೀಕ್ಷೆ ಮುಗಿಯಲಿ, ಆಮೇಲೆ ತೋರಿಸುತ್ತೇನೆ ಎಂದು ಸೇರಿಸಿದೆ.

"ಲಗ್ನಸರಾಯಿ ಮುಗೀಲಿ ಅಂದಿದ್ದ ಆ ಕುದರಿಯಂವ," ಅಂದರು ಕಾಕಾ. ಅಷ್ಟೇ. ರಿಕ್ಷಾ ಕರೆದು ನಿಂತರು. ಒಲೆಯ ಮೇಲಿನ ಬೇಳೆಯನ್ನು ಇಳಿಸಲು ಮಾತ್ರ ಬಿಟ್ಟರು.

ನನ್ನಲ್ಲೂ ಗಡ್ಡೆಯಿತ್ತು, ಅಂಡಾಶಯದಲ್ಲೇ. ಚಿಕ್ಕದಿತ್ತು, ಬೇರು ಬಿಟ್ಟಿರಲಿಲ್ಲ. ಆಪರೇಶನ್ ಮುಗಿಯುವವರೆಗೆ ಕಾಕಾ ನನ್ನ ಗಂಡನ ಜೊತೆ ಕಾರಿಡಾರಿನ ಬಾಕಿನ ಮೇಲೆ ಕುಳಿತಿದ್ದರಂತೆ. ಡಾಕ್ಟರು ಹೊರಗೆ ಬಂದಾಗ ಎಲ್ಲರಿಗಿಂತ ಮೊದಲು ಎದ್ದು ಒಂದೇ ಪ್ರಶ್ನೆ ಕೇಳಿದರಂತೆ.

"ಎಷ್ಟ ದೊಡ್ಡದಿತ್ರಿ?"

"ಲಿಂಬೂ ಅಷ್ಟ, ಕಾಕಾ."

ಅದನ್ನು ಕೇಳಿ ಅವರು ಬಾಕಿನ ಮೇಲೆ ಕುಸಿದು ದೊಡ್ಡ ಧ್ವನಿಯಲ್ಲಿ ಅತ್ತರು ಎಂದು ನನ್ನ ಗಂಡ ಹೇಳಿದರು. ಕಾಕೂ ಹೋದ ದಿನ ಅಳದವರು ಅಂದು ಅತ್ತರು. ಸಾಂತ್ವನ ಮಾಡಲು ಅಪರಿಚಿತ ಹೆಂಗಸೊಬ್ಬಳು, ಬಿಜಾಪುರ ಕಡೆಯವಳು, ನೀರು ತಂದುಕೊಟ್ಟಳಂತೆ. ಅವಳಿಗೂ ಅವರು, ಕಣ್ಣೊರೆಸಿಕೊಳ್ಳುತ್ತಲೇ, ಊಟಾ ಸೇರ್ತದೇನವಾ ಎಂದು ಕೇಳಿದರಂತೆ.

ಆಮೇಲೆ ಅವರು ಬಹಳ ವರ್ಷ ಬದುಕಲಿಲ್ಲ. ಅಷ್ಟು ಹೊತ್ತಿಗೆ ಓಣಿಯ ಎರಡು ಬಂಗಲೆಗಳು ಒಡೆದು ಅಪಾರ್ಟ್‌ಮೆಂಟುಗಳಾಗಿದ್ದವು, ಮೆರವಣಿಗೆಗಳಿಗೆ ಕುದುರೆಯ ಬದಲು ಹೂವಿನ ಕಾರು ಬರುತ್ತಿತ್ತು. ಒಂದು ಬೆಳಿಗ್ಗೆ ಒಂಬತ್ತಾದರೂ ಕಾಕಾ ಹೊರಗೆ ಕಾಣಲಿಲ್ಲ. ಹೋಗಿ ನೋಡಿದರೆ ಹಾಸಿಗೆಯಲ್ಲೇ ತಣ್ಣಗಾಗಿದ್ದರು. ಮಗಳು ಬರುವವರೆಗೆ ಕಾಯಬೇಕಿತ್ತು. ಓಣಿಯ ಹೆಂಗಸರೆಲ್ಲ ಅಂಗಳದಲ್ಲಿ ಸೇರಿದ್ದರು, ಅವರನ್ನು ನೋಡಿ ನಕ್ಕವರೂ ಇದ್ದರು, ಅಳುತ್ತಿದ್ದರು. ದೇಹ ಹೊರಡುವ ತನಕ ಓಣಿಯಲ್ಲಿ ಒಲೆ ಹಚ್ಚಬಾರದು, ಯಾರೂ ಬಾಯಿಗೆ ಅನ್ನ ಹಾಕಬಾರದು. ನಮ್ಮಲ್ಲಿ ಮೊದಲಿನಿಂದ ಬಂದ ಪದ್ಧತಿ ಅದು. ನಾನೂ ಎಂದೂ ಮೀರಿದವಳಲ್ಲ.

ಹನ್ನೊಂದು ಹೊಡೆಯಿತು. ನಾನು ಎದ್ದು ನಮ್ಮ ಮನೆಗೆ ಬಂದೆ. ಸುದ್ದಿ ತಿಳಿಯುವ ಮೊದಲೇ ಮಾಡಿಟ್ಟ ಅಡುಗೆ ಮುಚ್ಚಿಟ್ಟಿತ್ತು. ಬಾಗಿಲು ತೆರೆದೇ ಇಟ್ಟು, ತಾಟು ಬಡಿಸಿಕೊಂಡು ಕುಳಿತೆ. ತುತ್ತು ಇಳಿಯುತ್ತಿರಲಿಲ್ಲ. ನೀರು ಕುಡಿದು ಇಳಿಸಿದೆ. ಅಂಗಳದಿಂದ ಎದ್ದು ಬಂದ ಹಿರಿಯ ಹೆಂಗಸೊಬ್ಬರು ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು, ತಿರುಗಿ ಹೋದರು. ನಾನು ಇನ್ನೊಂದು ಚಪಾತಿ ಹಾಕಿಕೊಂಡು, ಅಳುತ್ತಲೇ, ಹೊಟ್ಟೆ ತುಂಬ ಉಂಡೆ.